ಗ್ರೂಪ್ ಬಿಟ್ಟು ಕೈ ತೊಳೆದುಕೊಂಡರೆ ಸಾಲದು



ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ನಿಂತು ಯಾರೂ ಮಾತಾಡದ ವಿಷಯವೊಂದನ್ನು ಈ ಸಲ ಬರೆಯುತ್ತಿದ್ದೇನೆ. ಯಾರೂ ಮಾತಾಡುವುದಿಲ್ಲ ಎಂಬ ಕಾರಣಕ್ಕೇ ಬರೆಯುತ್ತಿದ್ದೇನೆ. ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಫೋಟೊ ಅಥವಾ ವಿಡಿಯೊ ನಮ್ಮ ಮೊಬೈಲಿಗೆ ಬಂದರೆ ಏನು ಮಾಡಬೇಕು?

ಈ ಪ್ರಶ್ನೆಯನ್ನು ನಮ್ಮ ಯುವಜನರ ಸಭೆಯಲ್ಲಿ ಕೇಳಿದಾಗ ಬಂದದ್ದು ಮೂರು ಬಗೆಯ ಉತ್ತರ. "ಡಿಲೀಟ್ ಮಾಡಿ ಗ್ರೂಪಿನಿಂದ ಹೊರಗೆ ಬರ್ತೇನೆ" ಎಂದವರೇ ಹೆಚ್ಚು. "ಮಾಡಿದವನು ಸಿಕ್ಕಿಬೀಳುವ ತನಕ ಎಲ್ಲರಿಗೂ ಫಾರ್ವರ್ಡ್ ಮಾಡಬೇಕು" ಎಂದವರು ಕೆಲವರು. "ನಮಗ್ಯಾಕೆ ಮಾರಾಯ್ರೆ, ಸುಮ್ಮನೆ ಇರುವುದು ಒಳ್ಳೆಯದು" ಎಂದವರು ಉಳಿದವರು. ದೂರು ಕೊಡುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ.

ನೇರವಾಗಿ ಹೇಳುತ್ತೇನೆ. ಈ ಮೂರೂ ಉತ್ತರ ತಪ್ಪು. ಎರಡನೆಯದು ಅಪರಾಧವೂ ಹೌದು. ಮೊದಲನೆಯದು ಕೇಳುವುದಕ್ಕೆ ಒಳ್ಳೆಯದಾಗಿ ಕಂಡರೂ ಅದು ಪಿಲಾತನ ಕೆಲಸ. ಅವನೂ ನೀರು ತರಿಸಿ ಕೈ ತೊಳೆದುಕೊಂಡ. ಕೈ ಚೊಕ್ಕವಾಯಿತು, ನಿರಪರಾಧಿಯನ್ನು ಮಾತ್ರ ಕರೆದುಕೊಂಡು ಹೋದರು.

ಮೊದಲು ಹೆಸರು ಸರಿ ಮಾಡೋಣ

ಇದನ್ನು ಹೆಚ್ಚಿನವರು "ಚೈಲ್ಡ್ ಪೋರ್ನ್" ಎನ್ನುತ್ತಾರೆ. ಪೋರ್ನ್ ಎಂದ ಕೂಡಲೇ ಅದು ಯಾರೋ ಒಪ್ಪಿ ನಟಿಸಿದ ಸಿನಿಮಾದಂತೆ ಕೇಳುತ್ತದೆ, "ಹುಡುಗರು ನೋಡ್ತಾರೆ ಬಿಡಿ" ಎಂಬ ಮಾತಿಗೂ ಜಾಗ ಸಿಗುತ್ತದೆ. ಒಂದು ಮಗು ಇದಕ್ಕೆ ಒಪ್ಪುವುದು ಎಂಬುದೇ ಇಲ್ಲ. ಅಲ್ಲಿರುವುದು ನಡೆದ ಅಪರಾಧದ ದಾಖಲೆ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕೂಡ ಇದನ್ನೇ ಹೇಳಿತು. "ಚೈಲ್ಡ್ ಪೋರ್ನೋಗ್ರಫಿ" ಎಂಬ ಪದವನ್ನು ಕೈಬಿಟ್ಟು, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂಬ ಅರ್ಥ ಬರುವ ಪದವನ್ನು ಬಳಸಬೇಕು ಎಂದು ಸೂಚಿಸಿತು. ಆದ್ದರಿಂದ ಇಲ್ಲಿ ನಾನೂ ದೌರ್ಜನ್ಯದ ಚಿತ್ರ ಎಂದೇ ಬರೆಯುತ್ತೇನೆ.

ಮಗು ಎಂದರೆ ಐದಾರು ವರ್ಷದವರು ಮಾತ್ರ ಅಲ್ಲ. ಪೋಕ್ಸೋ ಕಾಯಿದೆಯ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳು. ನಮ್ಮ ಪ್ಲಸ್ ಟು ಹುಡುಗಿಯೂ ಮಗು, ಹುಡುಗನೂ ಮಗು. "ಅದು ನಿಜವಾದ ಫೋಟೊ ಅಲ್ಲ, ಎಐಯಲ್ಲಿ ಮಾಡಿದ್ದು" ಎನ್ನುವವರಿಗೂ ಉತ್ತರ ಇದೆ. 2019ರ ತಿದ್ದುಪಡಿಯ ನಂತರ, ನಿಜವಾದ ಮಗುವಿನಿಂದ ಬೇರೆ ಮಾಡಿ ಗುರುತಿಸಲಾಗದಂಥ ಕಂಪ್ಯೂಟರ್ ಚಿತ್ರವೂ, ತಿದ್ದಿ ಮಗುವಿನಂತೆ ತೋರಿಸಿದ ಚಿತ್ರವೂ ಅದೇ ಕಾಯಿದೆಯೊಳಗೆ ಬರುತ್ತದೆ.

"ಕಂಪನಿಯವರೇ ನೋಡಿಕೊಳ್ಳುತ್ತಾರೆ"

ಇದು ಓದಿದ ಹುಡುಗರ ವಾದ. ಗೂಗಲ್, ಫೇಸ್‌ಬುಕ್ ಹತ್ತಿರ ಅಷ್ಟು ದೊಡ್ಡ ತಂತ್ರಜ್ಞಾನ ಇದೆ, ಅವರೇ ಹಿಡಿಯುತ್ತಾರೆ, ನಾವು ಯಾಕೆ ತಲೆ ಹಾಕಬೇಕು? ಬಿಎಸ್ಸಿಯಲ್ಲಿ ಕಂಪ್ಯೂಟರ್ ಓದಿದವನಾಗಿ ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರ ಕೊಡುತ್ತೇನೆ.

ತಂತ್ರಜ್ಞಾನ ಇದೆ ಎಂಬುದು ನಿಜ. 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಪ್ರೊಫೆಸರ್ ಹಾನಿ ಫರೀದ್ ಸೇರಿ ಫೋಟೊಡಿಎನ್‌ಎ ಎಂಬ ವಿಧಾನ ತಯಾರಿಸಿದರು. ಒಂದು ಚಿತ್ರದಿಂದ ಅಂಕಿಗಳ ಒಂದು ಸಾಲನ್ನು ಲೆಕ್ಕ ಹಾಕಿ ತೆಗೆಯುತ್ತಾರೆ. ಅದನ್ನು ಹ್ಯಾಶ್ ಎನ್ನುತ್ತಾರೆ. ಚಿತ್ರದ ಬೆರಳಚ್ಚು ಎಂದುಕೊಳ್ಳಿ. ಚಿತ್ರವನ್ನು ಚಿಕ್ಕದು ಮಾಡಿದರೂ, ಬಣ್ಣ ಸ್ವಲ್ಪ ಬದಲಿಸಿದರೂ ಬೆರಳಚ್ಚು ಹೊಂದಿಕೆಯಾಗುತ್ತದೆ. ಬೆರಳಚ್ಚು ನೋಡಿ ಚಿತ್ರವನ್ನು ಮತ್ತೆ ಮಾಡಲು ಆಗುವುದಿಲ್ಲ. ಅಪ್‌ಲೋಡ್ ಆಗುವ ಚಿತ್ರಗಳನ್ನು ಕಂಪನಿಗಳು ಈ ಪಟ್ಟಿಗೆ ಹೋಲಿಸಿ ನೋಡುತ್ತವೆ. ಸಿಕ್ಕಿದರೆ ಅಮೆರಿಕದ ಕಂಪನಿಗಳು ಅಲ್ಲಿನ ಕಾನೂನಿನಂತೆ ಎನ್‌ಸಿಎಂಇಸಿ ಎಂಬ ಸಂಸ್ಥೆಗೆ ತಿಳಿಸಲೇಬೇಕು. ಭಾರತದ ಎನ್‌ಸಿಆರ್‌ಬಿ 2019ರ ಏಪ್ರಿಲಿನಲ್ಲಿ ಈ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿದೆ. ನಮ್ಮ ದೇಶಕ್ಕೆ ಸೇರಿದ ಮಾಹಿತಿ ಅಲ್ಲಿಂದ ದೆಹಲಿಗೆ, ದೆಹಲಿಯಿಂದ ರಾಜ್ಯದ ಪೊಲೀಸರಿಗೆ ಬರುತ್ತದೆ.

ಆದರೆ ಇದರಲ್ಲಿ ಎರಡು ದೊಡ್ಡ ತೂತು ಇವೆ. ಒಂದು, ಪಟ್ಟಿಯಲ್ಲಿ ಇರುವ ಚಿತ್ರವನ್ನು ಮಾತ್ರ ಹೀಗೆ ಹೋಲಿಸಿ ಹಿಡಿಯಬಹುದು. ನಿನ್ನೆ ತೆಗೆದ ಹೊಸ ವಿಡಿಯೊದ ಬೆರಳಚ್ಚು ಯಾವ ಪಟ್ಟಿಯಲ್ಲೂ ಇಲ್ಲ. ಯಾರಾದರೂ ಒಬ್ಬರು ನೋಡಿ ತಿಳಿಸಿದ ಮೇಲೆಯೇ ಅದು ಪಟ್ಟಿಗೆ ಸೇರುವುದು. ಹೊಸ ವಿಡಿಯೊ ಎಂದರೆ ಆ ಮಗು ಬಹುಶಃ ಇವತ್ತಿಗೂ ಅದೇ ಮನೆಯಲ್ಲಿ, ಅದೇ ಮನುಷ್ಯನ ಕೈಯಲ್ಲಿದೆ ಎಂದು ಅರ್ಥ. ಹೆಚ್ಚು ಅವಸರದ ಚಿತ್ರವೇ ಯಂತ್ರಕ್ಕೆ ಸುಲಭವಾಗಿ ಕಾಣುವುದಿಲ್ಲ.

ಎರಡು, ವಾಟ್ಸಾಪ್ ಗ್ರೂಪಿನ ಸಂದೇಶಗಳು ಎನ್‌ಕ್ರಿಪ್ಟ್ ಆಗಿರುತ್ತವೆ. ಕಳಿಸಿದವರು ಮತ್ತು ಪಡೆದವರು ಬಿಟ್ಟರೆ ಕಂಪನಿಗೂ ಒಳಗಿನದ್ದು ಕಾಣುವುದಿಲ್ಲ. ಪ್ರೊಫೈಲ್ ಫೋಟೊ, ಗ್ರೂಪಿನ ಫೋಟೊ ಇಂಥ ಹೊರಗೆ ಕಾಣುವುದನ್ನು ಅವರು ಪರಿಶೀಲಿಸಬಹುದು. ಒಳಗೆ ನಡೆಯುವುದು ಕಂಪನಿಗೆ ಗೊತ್ತಾಗಬೇಕಾದರೆ ಗ್ರೂಪಿನಲ್ಲಿರುವ ಒಬ್ಬ ಸದಸ್ಯ ರಿಪೋರ್ಟ್ ಒತ್ತಬೇಕು. ಆಗ ಕೊನೆಯ 5 ಸಂದೇಶಗಳು ವಾಟ್ಸಾಪಿಗೆ ಹೋಗುತ್ತವೆ. ರಿಪೋರ್ಟ್ ಮಾಡಿದ ವಿಷಯ ಗ್ರೂಪಿನವರಿಗೆ ತಿಳಿಯುವುದಿಲ್ಲ.

ಈಗ ಯೋಚಿಸಿ ನೋಡಿ. ಬಾಗಿಲು ಹಾಕಿದ ಕೋಣೆಯೊಳಗೆ ಒಂದು ಮಗುವಿನ ಮೇಲೆ ದೌರ್ಜನ್ಯ ನಡೆದಿದೆ. ಪೊಲೀಸರು ಒಳಗಿಲ್ಲ. ಕಂಪನಿ ಒಳಗಿಲ್ಲ. ಒಳಗಿರುವವರು ಅದನ್ನು ಹಂಚಿದವರು, ಹಲ್ಲು ಕಿರಿದವರು ಮತ್ತು ತಪ್ಪಿ ಬಂದು ಸೇರಿದ ನೀವು. ಸತ್ಯ ಹೇಳಬಲ್ಲ ಸಾಕ್ಷಿ ನೀವೊಬ್ಬರೇ. ನೀವು ಮಾತಾಡದೆ ಎದ್ದು ಹೊರಗೆ ಬಂದರೆ ಆ ಕೋಣೆಯಲ್ಲಿ ಮಗುವಿನ ಪರ ಒಬ್ಬರೂ ಉಳಿಯುವುದಿಲ್ಲ. ಒಳ್ಳೆಯವರೆಲ್ಲ ಎಕ್ಸಿಟ್ ಆದ ಗ್ರೂಪು ಕೆಟ್ಟವರಿಗೆ ಇನ್ನಷ್ಟು ಸುರಕ್ಷಿತ.

"ಜಾಗೃತಿಗಾಗಿ ಶೇರ್ ಮಾಡಿದೆ"

ಇನ್ನು ಸಿಟ್ಟಿನಲ್ಲಿ ಫಾರ್ವರ್ಡ್ ಮಾಡುವವರ ವಿಷಯ. "ಇವನನ್ನು ಹಿಡಿಯುವ ತನಕ ಬಿಡಬೇಡಿ, 10 ಗ್ರೂಪಿಗೆ ಕಳಿಸಿ" ಎಂದು ಬರೆದು ಕಳಿಸುವವರಲ್ಲಿ ನಮ್ಮ ಮನೆಯ ಅಂಕಲ್‌ಗಳೂ ಇದ್ದಾರೆ, ಆಂಟಿಯರೂ ಇದ್ದಾರೆ. ಅವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಆ ಮಗುವಿನ ಕಡೆಯಿಂದ ನೋಡಿ. ಅದರ ಅತ್ಯಂತ ಕೆಟ್ಟ ಗಳಿಗೆಯನ್ನು ಇನ್ನೂ ನೂರು ಮಂದಿ ನೋಡಿದರು, ಅಷ್ಟೇ. ಫಾರ್ವರ್ಡ್ ಆದ ವಿಡಿಯೊ ಪೊಲೀಸರಿಗೆ ತಲುಪುವುದಕ್ಕಿಂತ ಮೊದಲು ಆ ಮಗುವಿನ ಶಾಲೆಗೆ ತಲುಪಬಹುದು.

ಕಾನೂನು ಕೂಡ ಇಲ್ಲಿ ಸ್ಪಷ್ಟ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಸೆಕ್ಷನಿನ ಪ್ರಕಾರ ಇಂಥದ್ದನ್ನು ಕಳಿಸುವುದು, ಹುಡುಕಿ ನೋಡುವುದು, ಡೌನ್‌ಲೋಡ್ ಮಾಡುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿಯವರೆಗೆ ದಂಡ. "ಜಾಗೃತಿಗಾಗಿ ಕಳಿಸಿದೆ" ಎಂಬ ಮಾತು ನಿಮ್ಮನ್ನು ಕಾಪಾಡುತ್ತದೆ ಎಂದು ನಂಬಬೇಡಿ. ಕೇರಳ ಪೊಲೀಸರ ಆಪರೇಷನ್ ಪಿ-ಹಂಟ್ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಹಲವು ಜಿಲ್ಲೆಗಳಲ್ಲಿ ಒಂದೇ ದಿನ ಮನೆಮನೆಗೆ ಹೋಗಿ ಫೋನು, ಲ್ಯಾಪ್‌ಟಾಪ್ ವಶಪಡಿಸಿಕೊಳ್ಳುತ್ತಾರೆ. "ಫಾರ್ವರ್ಡ್ ಬಂದದ್ದು, ಫಾರ್ವರ್ಡ್ ಮಾಡಿದೆ" ಎನ್ನುವುದು ಆಗ ಕೆಲಸಕ್ಕೆ ಬರುವ ಉತ್ತರ ಅಲ್ಲ.

ಸಿಟ್ಟನ್ನು ಸರಿಯಾದ ಬಾಗಿಲಿಗೆ ಕೊಂಡುಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜ ಉದಾಹರಣೆ ಇದೆ. ಹೈದರಾಬಾದಿನ ಪ್ರಜ್ವಲಾ ಸಂಸ್ಥೆಯ ಸುನೀತಾ ಕೃಷ್ಣನ್ 2015ರ ಫೆಬ್ರವರಿಯಲ್ಲಿ, ವಾಟ್ಸಾಪಿನಲ್ಲಿ ಹರಿದಾಡುತ್ತಿದ್ದ ಅತ್ಯಾಚಾರದ ವಿಡಿಯೊಗಳ ವಿಷಯವಾಗಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ಪ್ರಕರಣವಾಗಿ ತೆಗೆದುಕೊಂಡು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಜನರು ಆನ್‌ಲೈನಿನಲ್ಲೇ, ಬೇಕಾದರೆ ಹೆಸರು ಹೇಳದೆಯೂ, ದೂರು ಕೊಡುವ ವ್ಯವಸ್ಥೆ ಇರಬೇಕು ಎಂಬ ಮಾತು ಅದೇ ಪ್ರಕರಣದಲ್ಲಿ ಬಂತು. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಸೈಬರ್‌ಕ್ರೈಮ್ ಪೋರ್ಟಲ್ ಆರಂಭಿಸಿತು. ಇವತ್ತು ನಮ್ಮ ಕೈಯಲ್ಲಿರುವ ಆ ಪೋರ್ಟಲಿನ ಹಿಂದೆ ಒಂದು ಪತ್ರ ಇದೆ.

"ನಾನು ನೋಡಲಿಲ್ಲ, ಮುಚ್ಚಿಬಿಟ್ಟೆ"

ಇಲ್ಲಿ ಆ 2024ರ ತೀರ್ಪಿಗೆ ಮತ್ತೆ ಬರಬೇಕು. ಅದೇ ವರ್ಷದ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್, ಇಂಥ ವಿಡಿಯೊವನ್ನು ಡೌನ್‌ಲೋಡ್ ಮಾಡಿ ಒಬ್ಬನೇ ನೋಡಿದರೆ ಅಪರಾಧವಲ್ಲ ಎಂದು ಒಂದು ಪ್ರಕರಣವನ್ನು ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಅಷ್ಟಕ್ಕೇ ನಿಲ್ಲಲಿಲ್ಲ. ಗೊತ್ತಿಲ್ಲದೆ ಒಂದು ಲಿಂಕ್ ತೆರೆದವನು ಅದನ್ನು ಕೂಡಲೇ ಮುಚ್ಚಿದರೂ ಅವನ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ, ಸಂಬಂಧಪಟ್ಟವರಿಗೆ ತಿಳಿಸಿದ ಮೇಲೆಯೇ ಮುಗಿಯುವುದು ಎಂದು ವಿವರಿಸಿತು.

ಇದು ಕೋರ್ಟ್ ಹೊಸದಾಗಿ ಕಂಡುಹಿಡಿದ ವಿಷಯವೂ ಅಲ್ಲ. ಪೋಕ್ಸೋ ಕಾಯಿದೆ 2012ರಿಂದಲೇ ಇದೆ. ಅದರ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನಿನಲ್ಲಿ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. 2020ರ ಪೋಕ್ಸೋ ನಿಯಮಗಳಲ್ಲಿ 11ನೆಯದು ಇದೇ ವಿಷಯಕ್ಕೆ ಇದೆ. ಇಂಥ ಚಿತ್ರ ಬಂದವರು, ಅದು ಎಲ್ಲಿದೆ ಎಂದು ಗೊತ್ತಾದವರು ಪೊಲೀಸರಿಗೆ ಅಥವಾ ಸೈಬರ್‌ಕ್ರೈಮ್ ಪೋರ್ಟಲಿಗೆ ತಿಳಿಸಬೇಕು. ಯಾವ ಫೋನಿನಲ್ಲಿ ಕಂಡಿತು, ಯಾವ ಆ್ಯಪಿನಲ್ಲಿ, ಯಾರಿಂದ ಬಂತು ಎಂಬುದನ್ನೂ ಹೇಳಬೇಕು.

"ನಾವು ಹೇಳಿದರೆ ನಮ್ಮನ್ನೇ ಹಿಡಿದರೆ?" ಎಂಬ ಹೆದರಿಕೆ ನಿಜವಾದದ್ದು, ಅದನ್ನು ನಾನು ತಮಾಷೆ ಮಾಡುವುದಿಲ್ಲ. ಅದಕ್ಕೂ ಅದೇ 19ನೇ ಸೆಕ್ಷನಿನಲ್ಲಿ ಉತ್ತರ ಇದೆ. ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಹೊರಿಸುವಂತಿಲ್ಲ. ಸುಳ್ಳೆಂದು ಗೊತ್ತಿದ್ದೂ ದ್ವೇಷದಿಂದ ದೂರು ಕೊಟ್ಟವರಿಗೆ ಶಿಕ್ಷೆ ಇದೆ, ತಪ್ಪು ತಿಳಿದು ಪ್ರಾಮಾಣಿಕವಾಗಿ ಹೇಳಿದವರಿಗೆ ಇಲ್ಲ. ಅಪಾಯ ಇರುವುದು ಸುಮ್ಮನೆ ಇಟ್ಟುಕೊಳ್ಳುವುದರಲ್ಲಿ, ಹೇಳುವುದರಲ್ಲಿ ಅಲ್ಲ.

"ನಮ್ಮದು ಗಡಿ, ಯಾರಿಗೆ ಹೇಳುವುದು?"

ಕಾಸರಗೋಡಿನ ಕನ್ನಡಿಗರಾದ ನಮಗೆ ಇನ್ನೊಂದು ನೆಪ ರೆಡಿ ಇದೆ. ಮನೆ ಮಂಜೇಶ್ವರದಲ್ಲಿ, ಕಾಲೇಜು ಮಂಗಳೂರಿನಲ್ಲಿ, ಗ್ರೂಪಿನ ಅಡ್ಮಿನ್ ಎಲ್ಲಿಯವನೋ ಗೊತ್ತಿಲ್ಲ. ತಲಪಾಡಿಯ ಆಚೆ ಹೇಳಬೇಕೇ, ಈಚೆ ಹೇಳಬೇಕೇ? ಠಾಣೆಗೆ ಹೋದರೆ ಮಲಯಾಳದಲ್ಲಿ ಬರೆಯಬೇಕಲ್ಲ?

ಮೊದಲನೆಯದಕ್ಕೆ ಉತ್ತರ: ಎಲ್ಲಿ ಬೇಕಾದರೂ ಹೇಳಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲೂ ಮಾಹಿತಿ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. "ಇದು ನಮ್ಮ ವ್ಯಾಪ್ತಿ ಅಲ್ಲ" ಎಂದು ತಿರುಗಿಸಿ ಕಳಿಸುವಂತಿಲ್ಲ. ಪೋರ್ಟಲಿಗಂತೂ ಗಡಿಯೇ ಇಲ್ಲ.

ಎರಡನೆಯದಕ್ಕೆ: ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನಮ್ಮಂಥ ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ರೇಷನ್ ಕಾರ್ಡಿಗೂ ಶಾಲೆಯ ಅಧ್ಯಾಪಕರ ನೇಮಕಕ್ಕೂ ನಾವು ಈ ಹಕ್ಕನ್ನು ಜೋರಾಗಿ ಕೇಳುತ್ತೇವೆ. ಮಕ್ಕಳ ವಿಷಯಕ್ಕೆ ಮಾತ್ರ ಭಾಷೆ ಬರುವುದಿಲ್ಲ ಎಂದು ಬಾಯಿ ಮುಚ್ಚಿಕೊಳ್ಳುವುದು ಯಾವ ನ್ಯಾಯ? ಪೋಕ್ಸೋ ಕಾಯಿದೆಯೇ ಹೇಳುತ್ತದೆ, ದಾಖಲಿಸುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಅನುವಾದಕರನ್ನು ಒದಗಿಸಬೇಕು. ಕನ್ನಡ, ತುಳು, ಕೊಂಕಣಿ ಮಾತ್ರ ಬಲ್ಲ ನಮ್ಮ ಮಕ್ಕಳಿಗಾಗಿ ಇದನ್ನು ಕೇಳಿ ಪಡೆಯಬೇಕಾದವರು ನಾವು.

"ಚರ್ಚಿನ ಮರ್ಯಾದೆ ಏನಾಗಬೇಕು?"

ಇದು ಕೊನೆಯ ವಾದ, ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ವಾದ. ಕಳಿಸಿದವನು ನಮ್ಮ ವಾಳೆಯವನೇ ಆಗಿದ್ದರೆ, ಗಾಯನ ಮಂಡಳಿಯಲ್ಲಿ ಇರುವವನಾಗಿದ್ದರೆ? "ಕರೆದು ಬುದ್ಧಿ ಹೇಳೋಣ, ಗುರಿಕಾರರು ಮಾತಾಡಲಿ, ಪೊಲೀಸ್ ಎಲ್ಲ ಯಾಕೆ, ಅವನಿಗೂ ಮನೆ ಸಂಸಾರ ಇದೆ" ಎಂಬ ಮಾತು ಬರುತ್ತದೆ. ವಿಡಿಯೊದಲ್ಲಿರುವ ಮಗುವಿಗೂ ಮನೆ ಇದೆ ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಒಳ್ಳೆಯ ಸಮಾರಿತನ ಸಾಮತಿ ನಮಗೆಲ್ಲ ಬಾಯಿಪಾಠ. ದಾರಿಯಲ್ಲಿ ಬಿದ್ದವನನ್ನು ನೋಡಿ ಪಕ್ಕಕ್ಕೆ ಸರಿದು ಹೋದವರು ಕಳ್ಳರಲ್ಲ, ಒಬ್ಬ ಯಾಜಕ, ಒಬ್ಬ ಲೇವಿಯ. ದೇವಾಲಯದ ಜನ, ಮರ್ಯಾದಸ್ಥರು. ಅವರು ಹೊಡೆಯಲಿಲ್ಲ, ದೋಚಲಿಲ್ಲ, ನೋಡಿದರು, ಹೋದರು. ಗ್ರೂಪಿನಿಂದ ಎಕ್ಸಿಟ್ ಆದರು ಎಂದು ಇವತ್ತು ನಾವು ಹೇಳಬಹುದು.

ನಮ್ಮ ಧರ್ಮಸಭೆ ಕೂಡ ಬಚ್ಚಿಡಿ ಎಂದು ಹೇಳುತ್ತಿಲ್ಲ. ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಹೊರಡಿಸಿದ "ವೋಸ್ ಎಸ್ಟಿಸ್ ಲುಕ್ಸ್ ಮುಂದಿ" ಎಂಬ ಆಜ್ಞಾಪತ್ರದಲ್ಲಿ, ಮಕ್ಕಳ ಇಂಥ ಚಿತ್ರಗಳನ್ನು ತಯಾರಿಸುವುದು, ಇಟ್ಟುಕೊಳ್ಳುವುದು, ಹಂಚುವುದು ಎಲ್ಲವೂ ದೂರು ಕೊಡಬೇಕಾದ ಅಪರಾಧಗಳ ಪಟ್ಟಿಯಲ್ಲಿವೆ. ಧರ್ಮಗುರುಗಳು, ಧರ್ಮಭಗಿನಿಯರು ತಿಳಿದದ್ದನ್ನು ಮೇಲಿನವರಿಗೆ ತಿಳಿಸಲೇಬೇಕು. ಇದರಿಂದ ದೇಶದ ಕಾನೂನಿನ ಹೊಣೆ ತಪ್ಪುವುದಿಲ್ಲ ಎಂದೂ ಅಲ್ಲೇ ಬರೆದಿದೆ. ಹಾಗಿರುವಾಗ ವಾಳೆಯ ಮಟ್ಟದಲ್ಲಿ ಕೂತು ರಾಜಿ ಮಾಡಲು ನಮಗೆ ಅಧಿಕಾರ ಕೊಟ್ಟವರು ಯಾರು? ಚರ್ಚಿನ ಹೆಸರು ಕೆಡುವುದು ಒಬ್ಬ ಸಿಕ್ಕಿಬಿದ್ದಾಗ ಅಲ್ಲ, ಎಲ್ಲರಿಗೂ ಗೊತ್ತಿತ್ತು ಎಂದು ತಿಳಿದಾಗ.

ಹಾಗಾದರೆ ಏನು ಮಾಡಬೇಕು?

ಹೆದರಬೇಡಿ, ಐದೇ ಕೆಲಸ.

1. ಫಾರ್ವರ್ಡ್ ಮಾಡಬೇಡಿ. ಫಾದರಿಗೂ ಬೇಡ, ನನಗೂ ಬೇಡ. "ನೋಡಿ, ಇಂಥದ್ದು ಬಂದಿದೆ" ಎಂದು ಚಿತ್ರವನ್ನು ಯಾರಿಗೂ ಕಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ. ಬಾಯಿಮಾತಿನಲ್ಲಿ ಹೇಳಿದರೆ ಸಾಕು.

2. ಗ್ರೂಪ್ ಬಿಡುವ ಮೊದಲು ಕಾಗದದಲ್ಲಿ ಬರೆದುಕೊಳ್ಳಿ. ಕಳಿಸಿದವನ ನಂಬರ್, ಗ್ರೂಪಿನ ಹೆಸರು, ಲಿಂಕ್ ಇದ್ದರೆ ಲಿಂಕ್, ದಿನಾಂಕ, ಸಮಯ. ಚಿತ್ರಕ್ಕಿಂತ ಈ ವಿವರವೇ ಪೊಲೀಸರಿಗೆ ದಾರಿ ತೋರಿಸುತ್ತದೆ.

3. ಆ್ಯಪಿನೊಳಗೆ ರಿಪೋರ್ಟ್ ಒತ್ತಿ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲಿಗೆ ಹೋಗಿ, ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ದೂರು ಕೊಡಿ. ಹೆಸರು ಹೇಳದೆಯೂ ಕೊಡಬಹುದು. ಹೆಸರು ಕೊಟ್ಟರೆ ದೂರು ಎಲ್ಲಿಗೆ ಬಂತು ಎಂದು ನೋಡುತ್ತಾ ಇರಬಹುದು.

4. ಮಗು ಯಾರೆಂದು ಗೊತ್ತಿದ್ದರೆ, ಈಗಲೂ ಅಪಾಯದಲ್ಲಿದೆ ಎಂದು ಅನಿಸಿದರೆ ಪೋರ್ಟಲಿಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ಅಥವಾ ಪೊಲೀಸ್ 112ಕ್ಕೆ ಕರೆ ಮಾಡಿ. ಮಗುವಿನ ಹೆಸರು, ಮನೆ, ಶಾಲೆಯನ್ನು ಊರಿನಲ್ಲಿ ಯಾರಿಗೂ ಹೇಳಬೇಡಿ.

5. ಇದೆಲ್ಲ ಆದ ಮೇಲೆ ಡಿಲೀಟ್ ಮಾಡಿ, ಗ್ರೂಪ್ ಬಿಡಿ. ಡಿಲೀಟ್ ಕೊನೆಯ ಕೆಲಸ, ಮೊದಲನೆಯದಲ್ಲ. ಪೊಲೀಸರು ಫೋನ್ ತೋರಿಸಲು ಹೇಳಿದರೆ ಅವರು ಹೇಳಿದಂತೆ ಮಾಡಿ.

ಇನ್ನೊಂದು ಮಾತು, 18 ತುಂಬದ ತಮ್ಮ ತಂಗಿಯರಿಗೆ. ನಿಮ್ಮದೇ ಫೋಟೊ ಯಾರೋ ಇಟ್ಟುಕೊಂಡು "ಹಣ ಕೊಡು, ಇಲ್ಲದಿದ್ದರೆ ಹಾಕುತ್ತೇನೆ" ಎಂದು ಹೆದರಿಸುತ್ತಿದ್ದರೆ ತಪ್ಪು ಹೆದರಿಸುವವನದ್ದು. ಹಣ ಕೊಡಬೇಡಿ, ಇನ್ನೊಂದು ಫೋಟೊ ಕಳಿಸಬೇಡಿ. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ. ನಾನು ಮೇಲೆ ಹೇಳಿದ ಎನ್‌ಸಿಎಂಇಸಿ ಸಂಸ್ಥೆ 2023ರಿಂದ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ ನಡೆಸುತ್ತಿದೆ. ಅದರಲ್ಲಿ ಫೋಟೊ ನಿಮ್ಮ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ, ಅದರ ಹ್ಯಾಶ್ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವು ಆ ಹ್ಯಾಶ್ ಹಿಡಿದು ಚಿತ್ರವನ್ನು ಹುಡುಕಿ ತೆಗೆಯಬಲ್ಲವು. ಇದನ್ನೆಲ್ಲ ಒಬ್ಬರೇ ಮಾಡಬೇಕೆಂದಿಲ್ಲ. ಮನೆಯಲ್ಲಿ ಹೇಳಲು ಆಗದಿದ್ದರೆ ನಂಬುವ ಒಬ್ಬ ಅಕ್ಕನಿಗೋ ಟೀಚರಿಗೋ ಹೇಳಿ. ಆತ್ಮಹತ್ಯೆಯ ಯೋಚನೆ ಬಂದರೆ ಆ ಗಳಿಗೆಯಲ್ಲೇ 1098ಕ್ಕೆ ಕರೆ ಮಾಡಿ.

ನಮ್ಮ ಧರ್ಮಕೇಂದ್ರದಿಂದ ನಾನು ಕೇಳುವುದು ಹೆಚ್ಚೇನಲ್ಲ. 1098, 112, 1930 ಮತ್ತು ಪೋರ್ಟಲಿನ ವಿಳಾಸವನ್ನು ಕನ್ನಡದಲ್ಲಿ ಬರೆದು ಚರ್ಚಿನ ನೋಟಿಸ್ ಬೋರ್ಡಿನಲ್ಲಿ, ಕ್ಯಾಟೆಕಿಸಂ ಕೋಣೆಯಲ್ಲಿ ಹಾಕಬೇಕು. ವರ್ಷಕ್ಕೆ ಒಂದು ಕ್ಯಾಟೆಕಿಸಂ ತರಗತಿಯನ್ನು, ಒಂದು ಪೋಷಕರ ಸಭೆಯನ್ನು ಇದಕ್ಕೇ ಇಡಬೇಕು. ಪಾಲನಾ ಮಂಡಳಿ ಒಂದು ಸಾಲಿನ ನಿರ್ಣಯ ಮಾಡಬೇಕು: ಇಂಥ ವಿಷಯ ಬಂದರೆ ರಾಜಿ ಪಂಚಾಯಿತಿಕೆ ಇಲ್ಲ, ದೂರು ಮಾತ್ರ. ಹಬ್ಬದ ಲೈಟಿಂಗಿಗೆ ಎಷ್ಟು ಎಂದು ಮೂರು ಸಭೆ ಕೂತು ಮಾತಾಡುವ ನಮಗೆ ಇದಕ್ಕೆ ಒಂದು ಸಭೆ ಹೊರೆಯಾಗಲಾರದು.

ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಯುವಜನರ ಸಭೆ ಇದೆ. ನೋಟಿಸ್ ಬೋರ್ಡಿಗೆ ಬರೆಯಲು ಅಕ್ಷರ ಚೆನ್ನಾಗಿರುವವರು ಒಂದು ಮಾರ್ಕರ್ ಹಿಡಿದುಕೊಂಡು ಬನ್ನಿ.